ಬೀದಿ ಕೋಣೆಯ ಕೆಂಪು

ತಂದೆ ಬರೆದಿಟ್ಟ ಉಯಿಲಿನ ಪ್ರಕಾರ ಚಾಮರಾಜಪುರಂ ಮನೆ ಅಣ್ಣನಿಗೆ ಹೋಯಿತು. ಬೀದಿಯ ಕಡೆಯ ಕೋಣೆ ಮತ್ತು ಅದಕ್ಕೆ ಅಂಟಿಕೊಂಡ ಒಳಗಿನ ಸಣ್ಣ ಕೋಣೆ ಮಾತ್ರ ನಾನು ಬದುಕಿರುವವರೆಗೆ ನನ್ನವು. ಅರಮನೆಯ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಬರೆದ ಕೈ ಅದು. ಒಂದಕ್ಷರವನ್ನೂ ಸಂದೇಹಕ್ಕೆ ಬಿಟ್ಟಿರಲಿಲ್ಲ. ಅಣ್ಣ ಎರಡು ಸಲ ಓದಿ, ಮಡಿಸಿ, "ಬೀದಿ ಕೋಣೇನೇ ಯಾಕೆ ಬೇಕಿತ್ತು?" ಎಂದ. ತೀರಿಹೋದ ತಂದೆಯನ್ನು ಕೇಳಬೇಕಾದ ಪ್ರಶ್ನೆಯನ್ನು ನನ್ನ ಮುಖ ನೋಡಿ ಕೇಳಿದ.

ನಾನು ಗಂಡನ ಮನೆಯಲ್ಲಿ ಇದ್ದದ್ದು ಎರಡೇ ವರ್ಷ. ಹತ್ತೊಂಬತ್ತಕ್ಕೆ ಅವರನ್ನು ಕಳೆದುಕೊಂಡು ತೌರಿಗೆ ಬಂದೆ. ತಂದೆ ಮುಂದೆ ಓದಿಸಿದರು, ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ತಲೆ ಬೋಳಿಸುವ ಪದ್ಧತಿ ನಮ್ಮಲ್ಲಿ ಅಜ್ಜಿಯ ಕಾಲಕ್ಕೇ ಮುಗಿದಿತ್ತು. ಆದರೆ ಹಣೆಗೆ ಕುಂಕುಮವಿಲ್ಲ, ತಲೆಗೆ ಹೂವಿಲ್ಲ, ಸೀರೆಯೆಂದರೆ ಬೂದು, ಕಂದು, ಹೆಚ್ಚೆಂದರೆ ತಿಳಿನೀಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಮೊದಲೇ ಪಾಲಿಸಿದರೆ ಮಾತು ಕೇಳುವುದು ತಪ್ಪುತ್ತದೆ ಎಂದು ನಾನೇ ಪಾಲಿಸುತ್ತಿದ್ದೆ.

ಪ್ರತಿವರ್ಷ ದಸರಾಕ್ಕೆ ನೆಂಟರು ಬರುವ ಮುಂಚೆ ಮನೆಗೆಲ್ಲ ಸುಣ್ಣ ಹೊಡೆಸುವುದು ವಾಡಿಕೆ. ಚಿಟಿಕೆ ನೀಲಿ ಬೆರೆಸಿದ ಬಿಳಿ ಸುಣ್ಣ, ಹಿತ್ತಿಲ ಬಚ್ಚಲಿನಿಂದ ಹಿಡಿದು ದೇವರ ಮನೆಯವರೆಗೆ ಒಂದೇ. ತಂದೆಯ ವರ್ಷಾಂತಿಕ ಮುಗಿದ ಮೇಲಿನ ದಸರಾಕ್ಕೆ ಅಣ್ಣ ಇಡೀ ಮನೆಗೆ ಹೊಡೆಸಿ ನನ್ನ ಎರಡು ಕೋಣೆಗಳನ್ನು ಬಿಟ್ಟ. ಕೇಳಿದ್ದಕ್ಕೆ, "ಅವು ನಿನ್ನವಲ್ವೇ? ನೀನೇ ಹೊಡೆಸ್ಕೊ" ಎಂದ.

ಸರಿ, ನನ್ನವೇ ಆದರೆ ನನಗೆ ಬೇಕಾದ ಬಣ್ಣವೇ ಆಗಲಿ ಎಂದುಕೊಂಡೆ. ನನಗೆ ಮನಸ್ಸಿದ್ದದ್ದು ಹಸಿರಿನ ಮೇಲೆ. ಎಳೆ ಬಾಳೆಲೆಯ ಹಸಿರು, ಎರಡೂ ಕೋಣೆಗೆ. ಆ ಸಂಜೆ ಅಡುಗೆಮನೆಯಲ್ಲಿ ಅತ್ತಿಗೆಗೆ ಹೇಳಿದೆ. ಅವರು ಒಲೆಯ ಮುಂದೆ ಕೂತು ಹುಳಿ ತಿರುವುತ್ತಿದ್ದರು, ತಿರುಗಿ ನೋಡಲಿಲ್ಲ.

"ನಿನಗ್ಯಾಕೆ ಬಣ್ಣದ ಉಸಾಬರಿ? ಸುಣ್ಣ ಹೊಡೆಸ್ಕೊಂಡು, ಇರಬೇಕಾದ ಹಾಗೆ ಇರು."

"ಇರಬೇಕಾದ ಹಾಗೆ ಅಂದ್ರೆ ಹ್ಯಾಗೆ ಅತ್ತಿಗೆ?"

"ನಾನು ಬಿಡಿಸಿ ಹೇಳಬೇಕಾ?" ಎಂದು ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಕುಟ್ಟಿದರು.

ಬಿಡಿಸಿ ಹೇಳುವುದು ಬೇಕಿರಲಿಲ್ಲ. ಮಾರನೆಯ ದಿನ ಸ್ಕೂಲು ಬಿಟ್ಟವಳೇ ಸಂತೆಪೇಟೆಗೆ ಹೋದೆ. ಬಣ್ಣದ ಅಂಗಡಿಯವರು ಚೌಕ ಚೌಕವಾಗಿ ಬಣ್ಣಗಳನ್ನು ಅಂಟಿಸಿದ್ದ ರಟ್ಟೊಂದನ್ನು ಮುಂದಿಟ್ಟರು. ಒಳಗಿನ ಕೋಣೆಗೆ ನನ್ನ ಹಸಿರನ್ನೇ ತೋರಿಸಿದೆ. ಬೀದಿ ಕೋಣೆಗೆ ಆ ರಟ್ಟಿನಲ್ಲಿದ್ದ ಅತಿ ಗಾಢ ಕೆಂಪಿನ ಮೇಲೆ ಬೆರಳಿಟ್ಟೆ.

"ಇದನ್ನ ಗೋಡೆಗೆ ಯಾರೂ ಕೇಳೋದಿಲ್ಲ ತಾಯಿ. ಗಾಡಿಗೆ, ಬಾಗಿಲಿಗೆ ಎಣ್ಣೇಲಿ ಕಲಸ್ಕೊಳ್ಳೋಕೆ ತಗೋತಾರೆ" ಎಂದರು ಅಂಗಡಿಯವರು.

"ನನಗೆ ಗೋಡೆಗೇ ಬೇಕು. ನೀರಲ್ಲಿ ಕಲಸೋದೇ ಕೊಡಿ."

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಂಪು ನನಗೆ ಅಂಥಾ ಇಷ್ಟದ ಬಣ್ಣವೇನಲ್ಲ. ಅತ್ತಿಗೆಯ ಕಣ್ಣಿಗೆ ಚುಚ್ಚಲಿ ಎಂದೇ ಆರಿಸಿದೆ.

ಬಣ್ಣ ಬಳಿಯಲು ಅಶೋಕಪುರಂನಿಂದ ಒಬ್ಬರು ವಯಸ್ಸಾದವರು ಬಂದರು. ನನ್ನ ಕೋಣೆಗೆ ಜಗಲಿಯಿಂದಲೇ ಬಾಗಿಲಿತ್ತು. ಅವರು ಮನೆಯೊಳಗೆ ಕಾಲಿಡಬೇಕಾಗಿರಲಿಲ್ಲ. ಆದರೂ ಅತ್ತಿಗೆ ನಡುಮನೆಗೆ ಹೋಗುವ ಬಾಗಿಲಿಗೆ ಆ ಕಡೆಯಿಂದ ಚಿಲಕ ಹಾಕಿಕೊಂಡರು. ಮೊದಲ ದಿನ ನಾನೂ ಅವರಿಗೆ ಕಾಫಿಯನ್ನು ಬೇರೆ ಅಲ್ಯುಮಿನಿಯಂ ಲೋಟದಲ್ಲೇ ಕೊಟ್ಟೆ. ಅವರು ಕುಡಿದು, ಲೋಟ ತೊಳೆದು, ಕಿಟಕಿಯ ಮೇಲೆ ಬೋರಲು ಹಾಕಿದರು. ಅದನ್ನು ನೋಡಿ ನಾಚಿಕೆಯಾಗಿ ಮಾರನೆಯ ದಿನ ನನ್ನ ಲೋಟದಲ್ಲೇ ಕೊಟ್ಟೆ. ಅವರು ಅದನ್ನೂ ತೊಳೆದೇ ಇಟ್ಟರು.

ಮೂರನೆಯ ದಿನ ಕೋಣೆ ಮುಗಿಯಿತು. ಸಂಜೆ ಅಣ್ಣ ಕಚೇರಿಯಿಂದ ಬಂದವನು ಸೈಕಲ್ ಹಿಡಿದುಕೊಂಡೇ ಬೀದಿಯಲ್ಲಿ ನಿಂತುಬಿಟ್ಟ. ಕಿಟಕಿಯ ಸರಳುಗಳ ಹಿಂದೆ ಗೋಡೆ ನಿಗಿನಿಗಿ ಕಾಣುತ್ತಿತ್ತು.

"ಇದು ಮನೆಯೋ, ನಾಟಕದ ಕಂಪನಿಯೋ?" ಎಂದ.

ಅತ್ತಿಗೆ ನನಗೇನೂ ಅನ್ನಲಿಲ್ಲ. ಜಗಲಿಯಲ್ಲಿ ಕೂತು ಪಕ್ಕದ ಮನೆಯಾಕೆಗೆ ಹೇಳಿದರು: "ಏನು ಮಾಡೋದು ಕಣ್ರೀ. ಹಣೆಗಿಲ್ಲದ್ದನ್ನ ಗೋಡೆಗೆ ಬಳ್ಕೊಂಡಿದಾಳೆ." ಕಿಟಕಿ ತೆರೆದಿತ್ತು, ನಾನು ಒಳಗೇ ಇದ್ದೆ. ಅವರಿಗೆ ಅದು ಗೊತ್ತಿತ್ತು.

ಆ ಕೆಂಪಿನೊಳಗೆ ಇರುವುದು ಸುಖವಾಗಿರಲಿಲ್ಲ. ಮಧ್ಯಾಹ್ನದ ಬಿಸಿಲು ಪಡುವಣ ಗೋಡೆಗೆ ಬಿದ್ದರೆ ಕೋಣೆಯೆಲ್ಲ ಕುಲುಮೆಯಂತಾಗುತ್ತಿತ್ತು. ಮಕ್ಕಳ ನೋಟ್‌ಬುಕ್ ತಿದ್ದಲು ಕೂತರೆ ಬಿಳಿ ಹಾಳೆಯೂ ಕೆಂಪಾಗಿ ಕಂಡು ತಲೆ ನೋಯುತ್ತಿತ್ತು. ಒಳಗಿನ ಹಸಿರು ಕೋಣೆಗೆ ಹೋಗಿ ಮಲಗುತ್ತಿದ್ದೆ. ಆದರೆ ಸಂಜೆಯಾಗುತ್ತಲೇ ಬೀದಿ ಕೋಣೆಗೆ ಬಂದು, ಕಿಟಕಿ ತೆರೆದು, ಎಲ್ಲರಿಗೂ ಕಾಣುವ ಹಾಗೆ ಕೂರುತ್ತಿದ್ದೆ.

ಬೇಸಿಗೆಯಲ್ಲಿ ಟ್ರೈನಿಂಗ್ ಇದೆಯೆಂದು ಹತ್ತು ದಿನ ಹಾಸನಕ್ಕೆ ಹೋಗಬೇಕಾಯಿತು. ನಡುಮನೆ ಕಡೆಯ ಬಾಗಿಲಿಗೆ ಒಳಗಿಂದ ಚಿಲಕ, ಜಗಲಿಯ ಬಾಗಿಲಿಗೆ ಬೀಗ ಹಾಕಿದ್ದೆ. ಅದರ ಇನ್ನೊಂದು ಕೀಲಿ ತಂದೆಯ ಪೆಟ್ಟಿಗೆಯಲ್ಲಿರುವುದು ನನಗೆ ನೆನಪಾಗಲಿಲ್ಲ, ಅಣ್ಣನಿಗೆ ನೆನಪಿತ್ತು. ತಿರುಗಿ ಬಂದು ಬಾಗಿಲು ತೆರೆದರೆ ಕೋಣೆಗೆ ಸುಣ್ಣ ಹೊಡೆದಿತ್ತು. ಕೆಳಗಿನ ಕೆಂಪು ಅದರೊಳಗಿಂದ ಒಸರಿ, ಗಾಯದ ಮೇಲೆ ಕಟ್ಟಿದ ಬಟ್ಟೆಯ ಹಾಗೆ ಗೋಡೆಯಲ್ಲಿ ಕಲೆ ಕಲೆ. ನನ್ನ ಪುಸ್ತಕಗಳನ್ನು ಕೋಣೆಯ ನಡುವೆ ರಾಶಿ ಹಾಕಿದ್ದರು, ಮೇಲೊಂದು ಗೋಣಿಯನ್ನೂ ಹೊದಿಸಿರಲಿಲ್ಲ. ರಟ್ಟುಗಳ ಮೇಲೆಲ್ಲ ಸುಣ್ಣದ ಹನಿ. ಬೀದಿಗೆ ಕಾಣದ ಹಸಿರು ಕೋಣೆಯನ್ನು ಮುಟ್ಟಿರಲಿಲ್ಲ.

ಅಣ್ಣ ಊಟಕ್ಕೆ ಕೂತಿದ್ದ. ಎದುರಿಗೆ ಹೋಗಿ ನಿಂತೆ.

"ನಾನಿಲ್ಲದಾಗ ನನ್ನ ಕೋಣೆಗೆ ಯಾಕೆ ಬಂದೆ?"

"ಮನೆ ಮರ್ಯಾದೆ ಉಳಿಸೋಕೆ."

"ಕಳ್ಳರು ಬರೋ ಹಾಗೆ ಬಂದು ಉಳಿಸಿದ್ಯಾ?"

ಅವನು ಎಲೆಯ ಮುಂದಿನಿಂದ ಎದ್ದುಹೋದ. "ಅನ್ನದ ಮುಂದಿಂದ ಎಬ್ಬಿಸಿದೆಯಲ್ಲೇ, ನಿನಗೆ ಒಳ್ಳೇದಾಗತ್ಯೇ?" ಎಂದರು ಅತ್ತಿಗೆ. ಅಂದಿನಿಂದ ಆ ಅಡುಗೆಮನೆಯಲ್ಲಿ ನಾನು ಉಣ್ಣಲಿಲ್ಲ. ಸೀಮೆಎಣ್ಣೆ ಸ್ಟೌ ತಂದು ಒಳಗಿನ ಕೋಣೆಯ ಮೂಲೆಯಲ್ಲಿಟ್ಟುಕೊಂಡೆ.

ಬೀಗ ಬದಲಾಯಿಸಿ, ಮತ್ತೆ ಅಶೋಕಪುರಂನವರನ್ನು ಕರೆಸಿದೆ. ಅವರು ಉಗುರಿನಿಂದ ಗೋಡೆ ಕೆರೆದು ನೋಡಿದರು.

"ಈ ದಪ ಎಣ್ಣೆ ಬಣ್ಣ ಬಳ್ದುಬುಡಾನ ಕಣವ್ವ. ಅದರ ಮ್ಯಾಲೆ ಯಾರು ಸುಣ್ಣ ಒಡುದ್ರೂ ನಿಲ್ಲಾಕಿಲ್ಲ. ಒಣಗುದ್ಮೇಲೆ ಸಿಪ್ಪೆ ಸುಲ್ದಂಗೆ ಉದುರೋಯ್ತದೆ."

"ಅದೇ ಬೇಕು" ಎಂದೆ. ಆ ಮಾತು ಕೇಳಿ ಆದ ಸಂತೋಷ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಒಂದೇ ಸೂರು, ಎರಡು ಒಲೆ, ಮಾತಿಲ್ಲ. ಇಬ್ಬರ ಕಡೆಗೂ ಓಡಾಡುತ್ತಿದ್ದದ್ದು ಅಣ್ಣನ ಮಗಳೊಬ್ಬಳೇ. ಇಂಟರ್‌ಮೀಡಿಯೆಟ್ ಓದುತ್ತಿದ್ದಳು, ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುತ್ತಿದ್ದಳು. ಅವಳನ್ನು ನೋಡಲು ಗಂಡಿನವರು ಬರುವುದು ಗೊತ್ತಾದಾಗ ಅತ್ತಿಗೆ ನನ್ನ ಹೊಸ್ತಿಲವರೆಗೆ ಬಂದು ನಿಂತರು.

"ಒಂದು ದಿನದ ಮಟ್ಟಿಗೆ ಈ ಕೋಣೆ ಬಿಟ್ಟುಕೊಡು. ಬಂದವರನ್ನ ಕೂರಿಸಬೇಕು. ಗೋಡೆಗೆ ಜಮಖಾನ ಕಟ್ಟಿಸ್ತೀನಿ."

ಹುಡುಗಿಯ ಮುಖ ನೆನೆದು ಹೂಂ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅವರು ಸೇರಿಸಿದರು: "ಅವತ್ತು ನೀನು ಸ್ಕೂಲಿಂದ ಕತ್ತಲಾದ ಮೇಲೆ ಬಂದರೆ ಒಳ್ಳೇದು. ಶುಭಕಾರ್ಯ ನೋಡು."

"ಅವತ್ತು ನಾನು ರಜಾ ಹಾಕ್ತೀನಿ ಅತ್ತಿಗೆ. ನನ್ನ ಕೋಣೆಯಲ್ಲೇ ಇರ್ತೀನಿ."

ಇದ್ದೆ ಕೂಡ. ಜಗಲಿಯ ಬಾಗಿಲು, ಕಿಟಕಿ, ಎಲ್ಲ ಹಾರುಹೊಡೆದು, ಕುರ್ಚಿ ಹಾಕಿಕೊಂಡು ನೋಟ್‌ಬುಕ್ ತಿದ್ದುತ್ತ ಕೂತೆ. ಗಂಡಿನವರು ಜಗಲಿ ಹತ್ತಿ ನಡುಮನೆಗೆ ಹೋಗಬೇಕಾದರೆ ನನ್ನ ಬಾಗಿಲು ದಾಟಲೇಬೇಕು. ಗಂಡಿನ ತಾಯಿ ಒಂದು ಕ್ಷಣ ನಿಂತು, ಕೆಂಪು ಗೋಡೆಗಳನ್ನೂ ನನ್ನ ಬರಿ ಹಣೆಯನ್ನೂ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. "ಇವರು ಯಾರು?" ಎಂದು ಕೇಳಿದರು. "ನಮ್ಮ ಕಡೆಯವರೇ, ಬನ್ನಿ ಬನ್ನಿ" ಎಂದು ಅಣ್ಣ ಅವರನ್ನು ಮುಂದೆ ಕರೆದೊಯ್ದ. ತಂಗಿ ಎನ್ನಲಿಲ್ಲ.

ವಾರದ ಮೇಲೆ ಜಾತಕ ಕೂಡಲಿಲ್ಲವೆಂದು ಅವರು ಹೇಳಿಕಳಿಸಿದರು. ಜಾತಕ ನೋಡಿಯೇ ಹೆಣ್ಣು ನೋಡಲು ಬಂದಿದ್ದವರು. ನಿಜವಾದ ಕಾರಣ ಏನೋ ನನಗೆ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ.

ಹುಡುಗಿ ಆ ಸಂಜೆ ಬಂದು ಗೋಡೆಗೆ ಒರಗಿ ನಿಂತಳು.

"ನನಗೆ ಅವರು ಇಷ್ಟ ಆಗಿದ್ದರು ಅತ್ತೆ. ಒಂದು ದಿನ ಬಾಗಿಲು ಹಾಕ್ಕೊಂಡಿದ್ದರೆ ನಿಮಗೇನಾಗ್ತಿತ್ತು?"

ಅವಳು ಕೂಗಲಿಲ್ಲ, ಅಳಲೂ ಇಲ್ಲ. ನಾನು ಏನಾದರೂ ಸಮಾಧಾನ ಹೇಳಬಹುದಿತ್ತು. "ಆ ಪ್ರಶ್ನೇನ ನಿಮ್ಮಮ್ಮನ್ನ ಹೋಗಿ ಕೇಳು" ಎಂದೆ. ಅವಳು ತನ್ನ ಇಂಗ್ಲಿಷ್ ಪುಸ್ತಕ ಎತ್ತಿಕೊಂಡು ಹೋದಳು. ಮತ್ತೆ ಪಾಠಕ್ಕೆ ಬರಲಿಲ್ಲ.

ಮರುವರ್ಷ ಅವಳಿಗೆ ತುಮಕೂರಿನ ಕಡೆಯ ಸಂಬಂಧ ಕೂಡಿತು. ಹೆಣ್ಣು ನೋಡುವ ಶಾಸ್ತ್ರವನ್ನು ಅತ್ತಿಗೆಯ ತೌರಿನಲ್ಲಿಟ್ಟುಕೊಂಡರು, ಮದುವೆಯನ್ನು ಛತ್ರದಲ್ಲಿ ಮಾಡಿದರು. ಕರೆಯದಿದ್ದರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹುಡುಗಿ ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ನನ್ನ ಹತ್ತಿರ ಬರುವಷ್ಟರಲ್ಲಿ ಅತ್ತಿಗೆ ಅವಳ ಮೊಣಕೈ ಹಿಡಿದು ಆಚೆ ತಿರುಗಿಸಿದರು. ಅವಳು ತಿರುಗಿದಳು. ಊಟಕ್ಕೆ ನಿಲ್ಲದೆ ಮನೆಗೆ ನಡೆದುಕೊಂಡೇ ಬಂದೆ.

ಅಣ್ಣ ಅತ್ತಿಗೆಯರ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ಇನ್ನೊಂದು ಸಲ ಅವರು ಸುಣ್ಣ ಹೊಡೆದರೆ ಇನ್ನೊಂದು ಸಲ ಕೆರೆಸುತ್ತಿದ್ದೆ. ಆ ಹುಡುಗಿಗೆ ಆಡಿದ ಮಾತು ಮಾತ್ರ ಬೇರೆ. ಅದನ್ನು ತಿರುಗಿ ತೆಗೆದುಕೊಳ್ಳುವ ಅವಕಾಶ ಅವಳೂ ಕೊಡಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ.

ಅಣ್ಣ ನನ್ನೊಂದಿಗೆ ಮತ್ತೆ ಮಾತಾಡಿದ್ದು ಮಗಳ ಮದುವೆಯಾಗಿ ಐದು ವರ್ಷದ ಮೇಲೆ. ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಕೊಡ ಹಿಡಿದು ನಿಂತವನು, ನನ್ನ ಕಡೆ ನೋಡದೆ, "ನಲ್ಲೀಲಿ ನೀರು ಬರ್ತಿದ್ಯಾ?" ಎಂದು ಕೇಳಿದ.

"ಬರ್ತಿದೆ" ಎಂದೆ.