ಕೋಚ್ ಹೇಳಿ ಕಳಿಸಿದ್ದು

ನನ್ನ ಮಂಡಿಗೆ ಹಚ್ಚಲು ಕ್ಲಿನಿಕ್ಕಿನ ಹುಡುಗಿ ಸಣ್ಣ ಸೀಸೆಯೊಂದರ ಮುಚ್ಚಳ ತೆಗೆದಳು. ನೀಲಗಿರಿ ಎಣ್ಣೆ. ಬ್ಯಾಲೆಂಟೈನ್ ಬಡಾವಣೆಯ ಈ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಇಷ್ಟು ದಿನ ವಾಸನೆಯೇ ಇಲ್ಲದ ಏನೋ ಮುಲಾಮು ಹಚ್ಚುತ್ತಿದ್ದರು, ಇವತ್ತು ಅದು ಮುಗಿದಿತ್ತಂತೆ. ನೆಗಡಿಯಾದಾಗ ಅಮ್ಮ ಕರ್ಚೀಫಿಗೆ ಹನಿಸಿ ಕೊಡುತ್ತಿದ್ದ ಎಣ್ಣೆ ಅದು. ನ್ಯಾಯವಾಗಿ ನನಗೆ ಅಮ್ಮ ನೆನಪಾಗಬೇಕಿತ್ತು. ಆಗಲಿಲ್ಲ. ನೆನಪಾದದ್ದು ಷಾರ್ಲೆಟ್‌ನ ಒಂದು ಮೈದಾನದ ಪಾರ್ಕಿಂಗ್ ಲಾಟು, ಡಿಕ್ಕಿ ತೆರೆದಿಟ್ಟ ನನ್ನ ಹಳೆಯ ಕಾರು, ಅದರ ಅಂಚಿನಲ್ಲಿ ಕಾಲು ಚಾಚಿ ಕೂತ ದೊಡ್ಡ ದೊಡ್ಡ ಗಂಡಸರು, ಅವರ ಮೀನಖಂಡ ತಿಕ್ಕುತ್ತಾ ಹುಬ್ಬಳ್ಳಿ ಕನ್ನಡದಲ್ಲಿ ಗದರುತ್ತಿದ್ದ ಅಕ್ಕ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಬ್ಯಾಂಕೊಂದರ ಕಂಪ್ಯೂಟರ್ ಕೆಲಸಕ್ಕೆ ಮೈಸೂರಿನಿಂದ ಅಮೆರಿಕದ ಷಾರ್ಲೆಟ್‌ಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಅದೇ ಆಫೀಸಿನಲ್ಲಿದ್ದ ಆಸ್ಟ್ರೇಲಿಯಾದವನೊಬ್ಬ ತನ್ನ ದೇಶದ ಫುಟ್‌ಬಾಲ್ ತಂಡವೊಂದನ್ನು ಕಟ್ಟಿದ್ದ, ಅದರ ಕೋಚ್ ಕೂಡ ಅವನೇ. ಮೊಟ್ಟೆಯಾಕಾರದ ಚೆಂಡು. ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಇನ್ನೊಬ್ಬನಿಗೆ ದಾಟಿಸಬಹುದು, ಎಸೆಯುವ ಹಾಗಿಲ್ಲ. ಅವನಿಗೆ ಜನ ಬೇಕಿತ್ತು, ನನಗೆ ಶನಿವಾರ ಕಳೆಯಲು ಒಂದು ಜಾಗ ಬೇಕಿತ್ತು. ಆ ಆಟ ನನಗೆ ಬರುತ್ತಿರಲಿಲ್ಲ. ಕೊನೆಯವರೆಗೂ ಬರಲಿಲ್ಲ.

ಅಕ್ಕನಿಗೆ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಕಲಿತು, ಗಂಡನ ಜೊತೆ ಮೆಲ್ಬರ್ನ್‌ಗೆ ಹೋಗಿ, ಅಲ್ಲಿನ ಬಡಾವಣೆಯೊಂದರ ತಂಡದ ಆಟಗಾರರ ಕಾಲು ತಿಕ್ಕುತ್ತಲೇ ಆ ಆಟವನ್ನು ಅರೆದು ಕುಡಿದವರು ಅವರು. ಆಮೇಲೆ ಗಂಡನ ಕೆಲಸ ಷಾರ್ಲೆಟ್‌ಗೆ ಬಂತು. ಇಲ್ಲಿ ಅವರದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿರಲಿಲ್ಲ. ನಾನು ಮೊದಲ ದಿನ ಆಂಟಿ ಅಂದೆ. "ಆಂಟಿ ಗೀಂಟಿ ಬ್ಯಾಡಪಾ, ನಿನ್ನಂಥಾ ಕ್ವಾಣಕ್ಕ ನಾ ಹೆಂಗ ಆಂಟಿ ಆಗ್ಲಿ? ಅಕ್ಕಾ ಅನ್ನು," ಅಂದರು. ಅದನ್ನು ಕೇಳಿಸಿಕೊಂಡು ತಂಡದವರೆಲ್ಲ ಅಕ್ಕಾ ಅನ್ನತೊಡಗಿದರು. ಅದೇ ಅವರ ಹೆಸರು ಎಂದು ಅಮೆರಿಕನ್ನರು ನಂಬಿದ್ದರು. ಯಾರೂ ತಿದ್ದಲಿಲ್ಲ.

ತಂಡಕ್ಕೆ ಇಬ್ಬರು ಸಹಾಯಕ ಕೋಚ್‌ಗಳಿದ್ದರು. ಒಬ್ಬನು ಕೋಚ್‌ನ ದೇಶದವನೇ, ತರಬೇತಿಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಇನ್ನೊಬ್ಬರು ಅಕ್ಕ. ಆಟ ನಡೆಯುವಾಗ ಅಕ್ಕನದು ಒಂದು ವಿಶೇಷ ಕೆಲಸ. ಆ ಮೈದಾನ ಎಷ್ಟು ದೊಡ್ಡದೆಂದರೆ ಕೋಚ್ ಕೂಗಿದರೆ ಆಚೆ ಬದಿಗೆ ಕೇಳಿಸುವುದಿಲ್ಲ. ಅದಕ್ಕೇ ಎದ್ದು ಕಾಣುವ ಬಣ್ಣದ ಅಂಗಿ ತೊಟ್ಟ ಒಬ್ಬರು ಆಟದ ನಡುವೆಯೇ ಒಳಗೆ ಓಡಿಹೋಗಿ, ಕೋಚ್‌ನ ಮಾತನ್ನು ಆಟಗಾರನಿಗೆ ಮುಟ್ಟಿಸಿ, ಓಡಿ ಬರಬೇಕು. ಅದು ಆ ಆಟದ ಪದ್ಧತಿ. ಅಕ್ಕ ಗಂಡನ ಹಳದಿ ಟೀ ಶರ್ಟ್ ತೊಟ್ಟು, ಜಡೆಯನ್ನು ಅದರೊಳಗೆ ತುರುಕಿಕೊಂಡು ಓಡುತ್ತಿದ್ದರು... ಹಳದಿ ಎಂದು ಬರೆದೆ. ನನ್ನ ಹತ್ತಿರ ಉಳಿದಿರುವ ಒಂದೇ ಫೋಟೋದಲ್ಲಿ ಅದು ಕಿತ್ತಳೆ ಬಣ್ಣದ್ದು. ಆದರೂ ನನ್ನ ಕಣ್ಣೊಳಗೆ ಓಡುವ ಅಂಗಿ ಹಳದಿಯೇ. ಇನ್ನು ಮುಂದೆ ನಾನು ಹೇಳುವುದನ್ನೂ ಇಷ್ಟೇ ನಂಬಿದರೆ ಸಾಕು.

ಆ ವರ್ಷ ನಾವು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಅಕ್ಕನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಎಲ್ಲ ಕಡೆಗೂ ನನ್ನ ಕಾರಿನಲ್ಲೇ ಬರುತ್ತಿದ್ದರು. ಅಟ್ಲಾಂಟಾಕ್ಕೆ ಹೋಗುವ ದಾರಿಯಲ್ಲಿ, ಸುಮ್ಮನೆ ಮಾತಿಗೆ, ಪ್ರತಿ ವಾರ ಸೋಲು ನೋಡಲು ಇಷ್ಟು ದೂರ ಯಾಕೆ ಬರ್ತೀರಿ ಎಂದು ಕೇಳಿದೆ. ಅವರು ತೊಡೆಯ ಮೇಲಿದ್ದ ನೀಲಗಿರಿ ಎಣ್ಣೆ ಸೀಸೆಗಳ ಚೀಲವನ್ನು ಸರಿಮಾಡಿಕೊಂಡರು.

"ಸೋಮವಾರದಿಂದ ಶುಕ್ರವಾರದ ತನಕ ಈ ದೇಶದಾಗ ನನ್ನ ದಾರಿ ಯಾರೂ ಕಾಯಂಗಿಲ್ಲ, ತಮ್ಮಾ. ನಮ್ಮನಿಯವರು ಬರೂದ್ರಾಗ ಹೊತ್ತು ಮುಳುಗಿರತೈತಿ. ಶನಿವಾರ ಬಂತಂದ್ರ ಇಷ್ಟು ಮಂದಿ ಕಾಲು ನನ್ನ ದಾರಿ ಕಾಯ್ತಾವ. ಸೋಲ್ಲಿ ಬಿಡು. ಗೆದ್ದವರ ಕಾಲು ಯಾರರೆ ತಿಕ್ಕತಾರ."

ಅಟ್ಲಾಂಟಾದಲ್ಲಿ ಸೆಕೆ. ನಮ್ಮ ಗೋಲಿನ ಮುಂದೆ ಕ್ಯಾರೊಲೈನಾದ ಒಬ್ಬ ಎತ್ತರದ ಹುಡುಗ ಕಾವಲಿದ್ದ. ಚೆಂಡು ಕಂಡರೆ ಸಾಕು, ಅವನು ಜಾಗ ಬಿಟ್ಟು ಮುಂದಕ್ಕೆ ಓಡುತ್ತಿದ್ದ. ಕೋಚ್ ಕೆಂಪಾಗಿ, ಆ ಕೊರಡಿಗೆ ಹೇಳು, ಇನ್ನೊಂದು ಸಲ ಜಾಗ ಬಿಟ್ಟರೆ ಬೂಟು ಬಿಚ್ಚಿ ಮನೆಗೆ ಹೋಗಲಿ ಎಂದ. ಅಕ್ಕ ಓಡಿದರು, ಹುಡುಗನ ಬೆನ್ನು ತಟ್ಟಿ ಏನೋ ಹೇಳಿದರು, ವಾಪಸ್ಸು ಬಂದರು. ಹುಡುಗ ಅಲ್ಲೇ ನಿಂತು ಉಸಿರು ತೆಗೆದುಕೊಂಡ. ಮತ್ತೆ ಮುಂದಕ್ಕೆ ಓಡಿದ. ಅವನು ಬಿಟ್ಟುಹೋದ ಖಾಲಿ ಜಾಗದಲ್ಲಿ ಎದುರಾಳಿಗಳು ಸಲೀಸಾಗಿ ಗೋಲು ಹೊಡೆದರು.

ಆಟ ಮುಗಿದ ಮೇಲೆ ಆ ಹುಡುಗ ಕೋಚ್‌ನ ಕೈಕುಲುಕಿದ. "ನಾನು ಚೆನ್ನಾಗಿ ಓಡ್ತಿದ್ದೀನಿ, ಬೇಕಾದರೆ ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಹೇಳಿ ಕಳಿಸಿದ್ರಲ್ಲ, ಥ್ಯಾಂಕ್ಸ್," ಎಂದ.

ಕೋಚ್ ಅಕ್ಕನ ಕಡೆ ನೋಡಿದ. ಅಕ್ಕ ಕಿತ್ತಳೆ ಹೋಳು ಹಂಚುತ್ತಿದ್ದರು. ಅವನು ಕೇಳಿದಾಗ ಅಕ್ಕ ಇಲ್ಲ ಅನ್ನಲಿಲ್ಲ. ವರ್ಷವಿಡೀ ಅವನ ಮಾತುಗಳನ್ನೆಲ್ಲ ಹಾಗೇ ಬದಲಿಸಿ ಮುಟ್ಟಿಸಿದ್ದರು, ಒಬ್ಬೊಬ್ಬರಿಗೆ ಒಂದೊಂದು ಥರ. ಇನ್ನು ಮೇಲೆ ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳಬೇಕು, ಇನ್ನೊಂದು ಸಲ ಹೀಗಾದರೆ ಕಷ್ಟ, ಎಂದಷ್ಟೇ ಹೇಳಿ ಕೋಚ್ ಹೋದ.

ವಾಪಸ್ಸು ಬರುವಾಗ ನಾನೇ ಕೇಳಿದೆ, ಯಾಕಕ್ಕ ಹಾಗೆ ಮಾಡಿದ್ರಿ.

"ಅಷ್ಟು ದೂರ ಓಡಿ ಹೋಗಿ ಬೈದು ಬರಬೇಕೇನು?" ಅಂದರು. "ನಮ್ಮ ಕಡೆ ಒಬ್ಬರ ಮನಿಗೆ ಹೋಗಬೇಕಾದ್ರ ಖಾಲಿ ಕೈಲೆ ಹೋಗ್ತಾರೇನು?"

ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ನನ್ನ ಬಿಡಿಸಿಬಿಡ್ತಾನೇನೋ..." ಅಂದರು. ನನಗಲ್ಲ, ಕಿಟಕಿಗೆ.

ಆ ವರ್ಷದ ಕೊನೆಯ ಪಂದ್ಯ ವಾಷಿಂಗ್ಟನ್‌ನಲ್ಲಿ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಯಾಕೆಂದರೆ ಇದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ ನಡೆದದ್ದು ಯಾವುದು, ತಿರುವಿದ್ದರಿಂದ ನುಣುಪಾದದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಇಷ್ಟು ನಿಜ: ಕೈಗೆ ಬಂದ ಚೆಂಡುಗಳನ್ನು ನಾನು ಒಂದಾದ ಮೇಲೊಂದು ಬಿಟ್ಟೆ. ಒಂದಂತೂ ಗೋಲಿನ ಎದುರೇ. ಆಮೇಲೆ ನಮ್ಮವರು ನನ್ನ ಕಡೆ ಚೆಂಡು ಕಳಿಸುವುದನ್ನು ನಿಲ್ಲಿಸಿದರು. ಯಾರೂ ಬೈಯಲಿಲ್ಲ, ನಾನಿರುವ ಕಡೆ ನೋಡುವುದನ್ನೇ ಬಿಟ್ಟರು. ಮೈದಾನದ ಒಂದು ಮೂಲೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಹೊರಗೆ ಹೋಗಿಬಿಡೋಣ, ಕಾರಿನಲ್ಲಿ ಕೂರೋಣ ಅನ್ನಿಸುತ್ತಿತ್ತು. ಬೇಲಿಯ ಕಡೆಗೆ ನಡೆಯತೊಡಗಿದ್ದೆನೋ ಏನೋ.

ಆಗ ಅಷ್ಟು ದೂರದಿಂದ ಆ ಹಳದಿ ಅಂಗಿ ನನ್ನ ಕಡೆ ಬರುತ್ತಿರುವುದು ಕಂಡಿತು. ಇಡೀ ಮೈದಾನವನ್ನು ಅಡ್ಡಲಾಗಿ ದಾಟಿ ಬಂದರು. ಹತ್ತಿರ ಬಂದು ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತರು, ಮಾತಾಡಲು ಉಸಿರೇ ಇರಲಿಲ್ಲ.

"ಕೋಚ್ ಹೇಳಿ ಕಳಿಸ್ಯಾನ," ಅಂದರು. "ಇಲ್ಲೇ ಇರಬೇಕಂತ ನೀ. ಜಾಗಾ ಬಿಡಬ್ಯಾಡಂತ. ಚೆಂಡು ಬರತೈತಿ."

ಚೆಂಡು ಬರಲಿಲ್ಲ. ಆದರೆ ಆಟ ಮುಗಿಯುವವರೆಗೂ ನಾನು ಆ ಜಾಗ ಬಿಟ್ಟು ಕದಲಲಿಲ್ಲ.

ವಾಷಿಂಗ್ಟನ್‌ನಿಂದ ಬಂದ ಮೇಲೆ, ಷಾರ್ಲೆಟ್ ಪಕ್ಕದ ಫೋರ್ಟ್ ಮಿಲ್‌ನಲ್ಲಿದ್ದ ಕೋಚ್‌ನ ಮನೆಯ ಹಿತ್ತಿಲಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಸೇರಿದೆವು. ಮಾತಾಡಬೇಕಾಗಿದ್ದದ್ದು ಒಂದೇ: ಮುಂದಿನ ವರ್ಷಕ್ಕೆ ಹೊಸ ಸಹಾಯಕ ಕೋಚ್‌ಗಳು ಬೇಕೇ? ಅಕ್ಕನಿಗೆ ವಿಷಯ ಗೊತ್ತಿತ್ತು. ಗೊತ್ತಿದ್ದೂ ಗಿರ್ಮಿಟ್ಟಿನ ಸಾಮಾನು ಕಟ್ಟಿಕೊಂಡು ಬಂದಿದ್ದರು. ಮಂಡಕ್ಕಿ, ಈರುಳ್ಳಿ, ಮನೆಯಲ್ಲೇ ಕುದಿಸಿ ತಂದ ಹುಣಸೆಹಣ್ಣಿನ ಗೊಜ್ಜು, ಪುಟಾಣಿ ಹಿಟ್ಟು. ಬಾರ್ಬೆಕ್ಯೂ ಪಕ್ಕದ ಮೇಜಿನ ಮೇಲೆ ದೊಡ್ಡ ಪಾತ್ರೆಯಿಟ್ಟು ಕಲಸತೊಡಗಿದರು.

ಆ ಇನ್ನೊಬ್ಬ ಸಹಾಯಕ ಕೋಚ್ ತಾನೇ ಬಿಡುತ್ತೇನೆ ಎಂದು ಖುಷಿಯಿಂದ ಬಿಯರ್ ತೆರೆದ. ಉಳಿದದ್ದು ಅಕ್ಕನ ವಿಷಯ. ಕೋಚ್ ಕೆಟ್ಟವನಲ್ಲ. ಅಕ್ಕನ ಮುಖ ನೋಡಿಯೇ ಹೇಳಿದ. "ಸೋಲೋದಕ್ಕೆ ನನಗೆ ಬೇಜಾರಿಲ್ಲ. ಆದರೆ ನನ್ನ ಮಾತು ಆ ಕಡೆ ಮುಟ್ಟುತ್ತಲೇ ಇಲ್ಲ. ಹಾಗಾದರೆ ಸೋಲುತ್ತಿರುವುದು ನಾನೋ, ಇನ್ಯಾರೋ? ಅಟ್ಲಾಂಟಾ ಆದಮೇಲೆ ಹೇಳಿದೆ. ವಾಷಿಂಗ್ಟನ್‌ನಲ್ಲಿ ಮತ್ತೆ ಹಾಗೇ ಆಯಿತು."

ವಾಷಿಂಗ್ಟನ್‌ನಲ್ಲಿ ಏನಾಯಿತೆಂದು ಯಾರೂ ಕೇಳಲಿಲ್ಲ. ನಾನು ಎದ್ದು ನಿಂತು ಅಕ್ಕನ ಪರವಾಗಿ ಏನೇನೋ ಹೇಳಿದೆ. ಸಹಾಯಕ ಕೋಚ್‌ಗಳನ್ನು ಬದಲಿಸಿದರೆ ನನಗೆ ಚೆಂಡು ಹಿಡಿಯಲು ಬರುತ್ತದೆಯೇ ಎಂದೂ ಕೇಳಿದೆ. ಕೆಲವರು ನಕ್ಕರು. ಆ ಎತ್ತರದ ಹುಡುಗ ನಗಲಿಲ್ಲ, ಹುಲ್ಲು ಕೀಳುತ್ತಾ ಕೂತಿದ್ದ. ಕೊನೆಗೆ ಅಕ್ಕನೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು, "ಕುಂದರು ತಮ್ಮಾ. ಅಂವ ಖರೇನ ಹೇಳಾಕತ್ತಾನ."

ಆಮೇಲೆ ಇಂಗ್ಲಿಷಿನಲ್ಲಿ, ಹೊಸಬರನ್ನು ತೆಗೆದುಕೊಳ್ಳಿ ಎಂದರು. ಎಲ್ಲರಿಗೂ ಕೊಡಲು ಪೇಪರ್ ತಟ್ಟೆ ಎತ್ತಿಕೊಂಡರು. ಅಷ್ಟು ಹೊತ್ತಿಗೆ ಮಂಡಕ್ಕಿ ಮೆತ್ತಗಾಗಿತ್ತು. ಕಲಸಿದ ತಕ್ಷಣ ತಿನ್ನಬೇಕಾದ ತಿಂಡಿ ಅದು. ಎಲ್ಲರೂ ತಿಂದರು, ಚೆನ್ನಾಗಿದೆ ಎಂದರು.

ಹೊಸ ಸಹಾಯಕ ಕೋಚ್‌ಗಳು ಬೇಕಿತ್ತೇ? ಮರುವರ್ಷ ನಾವು ಗೆಲ್ಲತೊಡಗಿದೆವು. ಅಂಗಿ ತೊಟ್ಟು ಓಡಿ ಬರುತ್ತಿದ್ದ ಹೊಸಬ ಕೋಚ್‌ನ ಮಾತನ್ನು ಬೈಗುಳ ಸಮೇತ ಮುಟ್ಟಿಸುತ್ತಿದ್ದ. ಎತ್ತರದ ಹುಡುಗ ಜಾಗ ಬಿಡದೆ ಕಾದ. ಆ ವರ್ಷವೇ ಒಂದಿಬ್ಬರು ಒಳ್ಳೆಯ ಆಟಗಾರರೂ ಬಂದು ಸೇರಿದ್ದರು, ಹಾಗಾಗಿ ಲೆಕ್ಕ ಅಷ್ಟು ಸುಲಭವಲ್ಲ. ಆದರೂ ಕೋಚ್ ಹೇಳಿದ್ದು ತಪ್ಪಾಗಿತ್ತು ಎಂದು ಬರೆಯಲು ನನಗೆ ಆಗುವುದಿಲ್ಲ. ಬರೆದರೆ ಈ ನೆನಪು ಚಂದ ಕಾಣುತ್ತದೆ, ಅಷ್ಟೇ.

ನಮ್ಮ ಪಂದ್ಯ ನೋಡಲು ಅಕ್ಕ ಬರಲಿಲ್ಲ. ಕರೆಯಲು ಹೋದೆ. ಅಪಾರ್ಟ್‌ಮೆಂಟಿನ ಬಾಗಿಲು ತೆರೆದವರು ನನ್ನ ಮುಖ ನೋಡುವ ಮೊದಲು ಕಾಲು ನೋಡಿದರು. "ಯಾರು ತಿಕ್ಕತಾರ ಈಗ?" ಅಂದರು. ಯಾರೂ ಇಲ್ಲ ಅಂದೆ. ಸೋಫಾದ ಮೇಲೆ ಕೂರಿಸಿ, ಸೀಸೆ ತಂದು, ಟೀವಿಯ ಸದ್ದು ಕಡಿಮೆ ಮಾಡಿ, ತುಂಬಾ ಹೊತ್ತು ತಿಕ್ಕಿದರು. ನೋವಿರಲಿಲ್ಲ. ಹೇಳಲಿಲ್ಲ ನಾನು... ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಆಮೇಲೆ ಗಂಡನ ಪ್ರಾಜೆಕ್ಟ್ ಮುಗಿಯಿತು, ಅವರು ಊರು ಬಿಟ್ಟರು. ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ಆಮೇಲೆ ಅದೂ ನಿಂತಿತು.

ಅಕ್ಕ ತೀರಿಕೊಂಡರೆಂದು ಕನ್ನಡ ಕೂಟದವರೊಬ್ಬರಿಂದ ಈ ವರ್ಷ ಗೊತ್ತಾಯಿತು. ಯಾರಿಗೆ ಹೇಳುವುದು ಎಂದು ತೋಚದೆ ಕೋಚ್‌ಗೆ ಫೋನ್ ಮಾಡಿದೆ. ಈಗ ಅವನಿಗೆ ವಯಸ್ಸಾಗಿದೆ, ಇನ್ನೂ ಫೋರ್ಟ್ ಮಿಲ್‌ನಲ್ಲೇ ಇದ್ದಾನೆ. ಯಾವಾಗ, ಹೇಗೆ ಎಂದು ವಿಚಾರಿಸಿದ. ಆಮೇಲೆ ಕೇಳಿದ, "ಅವಳನ್ನು ಯಾಕೆ ಬಿಡಿಸಿದೆ ಅಂತ ನಿನಗೆ ಗೊತ್ತಿತ್ತಲ್ಲ?"

ಮಾತು ಬದಲಿಸಿದ್ದಕ್ಕೆ, ಅಂದೆ.

"ಅದನ್ನು ನಾನು ಮಾಫಿ ಮಾಡಿದ್ದೆ. ವಾಷಿಂಗ್ಟನ್‌ನಲ್ಲಿ ಕೊನೆಗೆ ನನ್ನನ್ನು ಕೇಳದೆಯೇ ಒಳಗೆ ಓಡಿದಳು. ನೀನಿದ್ದ ಮೂಲೆಗೆ. ನಾನು ನಿನಗೆ ಏನೂ ಹೇಳಿ ಕಳಿಸಿರಲಿಲ್ಲ." ಮತ್ತೆ ಅಂದ, "ನೀನು ಮೈದಾನದಲ್ಲಿದ್ದೀಯ ಅನ್ನೋದೇ ಆಗ ನನಗೆ ಮರೆತುಹೋಗಿತ್ತು."

ಅವನ ನೆನಪೂ ನನ್ನದರಷ್ಟೇ ಹಳೆಯದು. ತಪ್ಪಿರಬಹುದು. ಆದರೆ ಅವರು ಬಗ್ಗಿ ನಿಂತು ಉಸಿರಿಗಾಗಿ ಒದ್ದಾಡಿದ್ದು, ಅವರು ನನಗೆ ಹೇಳಿದ್ದು, ಹೇಳಿ ಮತ್ತೆ ಅಷ್ಟೂ ದೂರ ಓಡಿ ಹೋದದ್ದು... ಆ ಓಟದ ಕೊನೆಯಲ್ಲಿ ಏನು ಕಾದಿದೆಯೆಂದು ಅವರಿಗೆ ಗೊತ್ತಿತ್ತು.

ಕ್ಲಿನಿಕ್ಕಿನ ಹುಡುಗಿ ಟವೆಲಿನಿಂದ ಕೈ ಒರೆಸಿಕೊಂಡು, ಇವತ್ತಿಗೆ ಆಯಿತು, ನೀವು ಹೊರಡಬಹುದು ಎಂದಳು. ಎಣ್ಣೆ ಆರುತ್ತಾ ಮಂಡಿ ತಣ್ಣಗಾಗುತ್ತಿತ್ತು. ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ ಎಂದೆ.