ಗಂಗಾಳದ ಎಡಮಗ್ಗಲು

ಆಗ ನನಗೆ ಅರವತ್ತಾರು. ಅದಾಗಿ ಐದು ವರ್ಷ ಆಯ್ತು. ಸೊಲ್ಲಾಪುರದ ದವಾಖಾನೆಯಲ್ಲಿ ನನ್ನ ತಲೆ ಕೊರೆದು, ಮೆದುಳಿನ ಬಲಗಡೆಯಿಂದ ಒಂದು ಗಂಟು ತೆಗೆದರು. ಹೊಲಿಗೆ ಬಿಚ್ಚಿಸಿಕೊಂಡು ನಮ್ಮೂರು ಮಟಕಿಗೆ ಬಂದೆ. ಸತ್ತಿಲ್ಲ ಅನ್ನೋದೊಂದು ಬಿಟ್ಟರೆ ಮೈಯಾಗ ಏನೂ ಉಳಿದಿರಲಿಲ್ಲ. ಎಡಗೈ ಬೇರೆಯವರ ಕೈಯಂಗ ಜೋತಾಡ್ತಿತ್ತು. ಪಾಯಖಾನೆಗೂ ಸೊಸೆಯೇ ಹಿಡಿದು ನಡೆಸಬೇಕು. ಮಗ ಲಾರಿ ಹೊಡೀತಾನ, ಮನೆಯಾಗ ಇರೋದೇ ಕಡಿಮೆ.

ಸೊಸೆಯ ತವರು ಕೊಳಕೂರ, ಆಕಿ ಮಾತು ತುಟ್ಟಿ. ದಿನಾ ಊಟದ ಗಂಗಾಳ ತಂದಿಡ್ತಿದ್ದಳು. ಅದರಾಗ ನನಗೆ ಕಾಣೋದು ಬರೀ ರೊಟ್ಟಿ. ಒಣರೊಟ್ಟಿ ಮುರಿದು, ನೀರು ಕುಡಿದು ನುಂಗ್ತಿದ್ದೆ. ಕೆಲಸಕ್ಕೆ ಬಾರದ ಮುದುಕಿಗೆ ಪಲ್ಯ ಯಾಕ ಅಂತ ಬಿಟ್ಟಾಳ, ಅಂದ್ಕೊಂಡೆ. ಕೇಳಲಿಲ್ಲ. ಕೇಳಿ ತಿನ್ನೋ ಚಟ ನನಗಿಲ್ಲ. ಎದುರುಮನೆ ಮುದುಕಿ ನೋಡಾಕ ಬಂದಾಗ ಮಾತ್ರ ಸೊಸೆ ಬರೀ ರೊಟ್ಟಿ ಹಾಕ್ತಾಳ ಅಂತ ಆಕಿ ಮುಂದ ಅಂದುಬಿಟ್ಟೆ.

ಮಾತು ಓಣಿ ತುಂಬ ಆಯ್ತು. ಸೊಸೆ ನೀರು ತರಾಕ ಹೋಗಿ, ನಳದ ಹತ್ರ ಕೇಳಿಸಿಕೊಂಡು ಬಂದಳು. ಕೊಡ ಇಳಿಸಿದಾಕಿ ಸೀದಾ ತನ್ನ ಬಟ್ಟೆ ಚೀಲಕ್ಕ ತುಂಬಿದಳು. ನಾ ಇಟ್ಟ ಪಲ್ಯ ನೀವು ಮುಟ್ಟಂಗಿಲ್ಲ, ದಿನಾ ಎಮ್ಮಿಗೆ ಸುರೀತೇನಿ, ಮ್ಯಾಲ ನನ್ನ ಹೆಸರೂ ಕೆಡಿಸ್ತೀರಿ, ನಾಳೆ ನಿಮ್ಮನ್ನ ಆಳಂದದ ದವಾಖಾನೆಯಾಗ ತೋರಿಸಿಕೊಂಡು ಬಂದು ತವರಿಗೆ ಹೋಗ್ತೇನಿ ಅಂದಳು. ಸುಳ್ಳಿ ನೀ, ಹೋಗು ಅಂದೆ. ಅಂದೆ ಖರೆ, ನನಗ ಸೀರೆ ಉಡಿಸೋರು ಯಾರು ಅಂತ ಹೆದರಿಕೆ.

ಆಳಂದದಾಗ ಕೈಕಾಲಿನ ವ್ಯಾಯಾಮ ಮಾಡಿಸೋ ಹುಡುಗಿ ಒಂದು ತಟ್ಟೆಯಲ್ಲಿ ತೊಗರಿಕಾಳು ಹರವಿ, ಎಲ್ಲಾ ಆರಿಸಿ ಬಟ್ಟಲಿಗೆ ಹಾಕ್ರಿ ಅಂದಳು. ಹಾಕಿದೆ. ಮುಗೀತು ಅಂದೆ. ಆಕಿ ಸುಮ್ಮನೆ ತಟ್ಟೆ ತಿರುವಿ ಇಟ್ಟಳು. ಅರ್ಧ ಕಾಳು ಹಂಗೇ ಬಿದ್ದಿದ್ದವು. ಕಣ್ಣು ಚಲೋ ಅದಾವ, ಮೆದುಳು ಎಡಗಡೆ ನೋಡೋದು ಮರೆತದ, ಮತ್ತೆ ಕಲಿಸಬೇಕು ಅಂದಳು.

ಸೊಸೆ ತಟ್ಟೆಯನ್ನೇ ನೋಡ್ತಾ ನಿಂತಿದ್ದಳು. "ನಾ ಪಲ್ಯ ಯಾವಾಗ್ಲೂ ಎಡಕ್ಕೇ ಇಡ್ತೇನ್ರಿ" ಅಂದಳು.

ಬಸ್ಸು ಇಳಿದು ಮನೆಗೆ ಬಂದ ಮ್ಯಾಲ ಸೊಸೆ ಅಂದಳು, "ಓಣ್ಯಾಗ ಹಬ್ಬಿಸಿದವರು ನೀವು. ತಿರುಗಿ ಹೇಳೋರೂ ನೀವೇ ಆಗ್ಬೇಕು. ಇಲ್ಲಾಂದ್ರ ಚೀಲ ಬಿಚ್ಚಂಗಿಲ್ಲ."

ಕಾಲು ಬರಲಿ, ಹೋಗಿ ಹೇಳ್ತೇನಿ ಅಂದೆ.

"ಅವತ್ತು ಬಾಯಿಗೆ ಕಾಲು ಬೇಕಾಗಿದ್ದಿಲ್ಲೇನ್ರಿ?"

ಆ ಸಂಜೆ ಪಲ್ಯ ಬಲಕ್ಕೆ ಇಟ್ಟಳು. ಪುಂಡಿಪಲ್ಯ. ಉಪ್ಪು ಜಾಸ್ತಿ ಇತ್ತು. ಬಳಿದು ತಿಂದೆ.

ಮರುದಿನ ಮುಂಜಾನೆ ಆಕಿ ಎಮ್ಮಿ ಹಿಂಡಾಕ ಹೋದಾಗ ಬಡಿಗೆ ಹಿಡಿದು ಎದ್ದೆ. ಬಾಗಿಲ ಚೌಕಟ್ಟು ಎಡಭುಜಕ್ಕೆ ಬಡೀತು. ಎದುರುಮನೆ ಕಟ್ಟೆ ಮ್ಯಾಲ ನಾಕು ಮಂದಿ ಹೆಂಗಸರು ಕೂತಿದ್ದರು. ಸೊಸೆ ಪಲ್ಯ ಹಾಕ್ಯಾಳ, ನನಗ ಕಂಡಿಲ್ಲ ಅಂತ ಹೇಳಿ, ವಾಪಸ್ ಬಂದು ಮಲಗಿದೆ.