ಅಕ್ಕನ ಎಡಗೆನ್ನೆ

ಪಾರ್ಲರ್ ನಡೆಸುವ ಚಿಕ್ಕಮ್ಮ ಯಾರ ಮೊಡವೆಯನ್ನೂ ಹಿಂಡುವುದಿಲ್ಲ. ಹುಡುಗಿಯಾಗಿದ್ದಾಗ ತನ್ನ ಅಕ್ಕನ ಎಡಗೆನ್ನೆಯ ಮೊಡವೆಯನ್ನು ಉಗುರಿನಿಂದ ಹಿಂಡಿದ್ದಳು. ಅದು ಕೀವಾಗಿ, ಗುಳಿ ಬಿದ್ದು, ಹಾಗೆಯೇ ಉಳಿಯಿತು. ಅಕ್ಕ ಒಂದು ಮಾತೂ ಬೈಯಲಿಲ್ಲ. ಇಪ್ಪತ್ತು ವರ್ಷವಾದರೂ ಆ ಗುಳಿ ಇವಳಿಗೆ ಗಿರಾಕಿಗಳ ಮುಖದಲ್ಲೆಲ್ಲ ಕಾಣುತ್ತದೆ.

ಇವತ್ತು ಕುರ್ಚಿಯಲ್ಲಿ ಕೂತವಳು ಅಕ್ಕನ ಮಗಳು. ಅದೇ ಕೆನ್ನೆ, ಅದೇ ಜಾಗ.

"ಚಿಕ್ಕಮ್ಮಾ, ನಾಳೆ ಶಾಲೇಲಿ ಫೋಟೋ ತೆಗೀತಾರೆ. ಇದನ್ನ ಹಿಂಡಿಬಿಡು."

"ಬೇಡ ಪುಟ್ಟಿ. ಮೆತ್ತಗೆ ತೊಳೆದು, ಒಗೆದ ಬಟ್ಟೇಲಿ ಒರೆಸು. ಕೈ ಮಾತ್ರ ಹಚ್ಚಬೇಡ."

"ಹೀಗಾದ್ರೆ ನೀನಿಲ್ಲಿ ನೊಣ ಹೊಡೀಬೇಕಷ್ಟೇ!" ಎಂದು ಹುಡುಗಿ ತಾನೇ ಬೆರಳೆತ್ತಿದಳು. ಚಿಕ್ಕಮ್ಮ ಆ ಕೈ ಹಿಡಿದಳು.

ಮಗಳನ್ನು ಕರೆದೊಯ್ಯಲು ಬಂದ ಅಕ್ಕ ಬಾಗಿಲಲ್ಲೇ ನಿಂತಳು.

"ಬಿಡಬೇಡ ಕಣೇ, ಗಟ್ಟಿಯಾಗಿ ಹಿಡ್ಕೋ."

ಚಿಕ್ಕಮ್ಮ ಹಿಡಿದೇ ಇದ್ದಳು. ತಿರುಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.